ಕೂಗಿಲ್ಲದ ಖೋ

ಇಳಕಲ್
23 ಜೂನ್ 2024

ರೋಹಿಣಿಗೆ,

ನನ್ನ ಮೊಮ್ಮಗಳು ಸುಮಾ ನಿನ್ನ ಕ್ರೀಡಾ ಹಾಸ್ಟೆಲಿಗೆ ಬಂದು ಒಂದು ವಾರವಾಯಿತು. ಮೊನ್ನೆ ಫೋನ್ ಮಾಡಿದಾಗ ನಿನ್ನ ಮಾತೆಲ್ಲ "ಹೂಂ ರೀ ಅವ್ವಾರ, ಆಗಲಿ ರೀ ಅವ್ವಾರ" ಎನ್ನುವುದರಲ್ಲೇ ಮುಗಿಯಿತು. ಹುಡುಗಿಯಾಗಿ ನನ್ನ ಅಂಗಳದಲ್ಲಿ ಖೋ ಖೋ ಆಡುವಾಗಲೂ ನೀನು ಹೀಗೆಯೇ ಹೂಂಗುಡುತ್ತಿದ್ದೆ, ಆಮೇಲೆ ನಿನ್ನ ಮನಸ್ಸಿಗೆ ಬಂದಂತೆ ಓಡುತ್ತಿದ್ದೆ. ಕಾಗದದಲ್ಲಿ ಕೇಳಿದ್ದಕ್ಕೆ ಕಾಗದದಲ್ಲಿಯೇ ಉತ್ತರ ಕೊಡಬೇಕಾಗುತ್ತದೆ. ಮೇಲಾಗಿ ನಮ್ಮ ಮನೆಯಲ್ಲಿ ಫೋನಿನ ಮಾತು ಸರಿಯಾಗಿ ಕೇಳುವುದೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹುನಗುಂದದ ತಾಲೂಕು ಪಂದ್ಯದಲ್ಲಿ ನೀನೇ ಅವಳನ್ನು ನೋಡಿ ಆರಿಸಿಕೊಂಡು ಹೋದೆ. ನಾನು ಕೈಮುಗಿದು ಕೇಳಿಕೊಂಡಿರಲಿಲ್ಲ, ಅದು ನೆನಪಿರಲಿ. ನವೆಂಬರಿನಲ್ಲಿ ಬಾದಾಮಿಯ ಪಂದ್ಯ ಮುಗಿದ ಮೇಲೆ ಯಾರನ್ನು ಹಾಸ್ಟೆಲಿನಲ್ಲಿ ಉಳಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ತರಬೇತುದಾರಳಾದ ನೀನೇ ಹೆಸರು ಬರೆದುಕೊಡುತ್ತೀಯಂತೆ. ನಾನು ಹತ್ತನೆಯ ಇಯತ್ತೆ ಓದಿ, ಜಿಲ್ಲೆಗೆ ಆಡಿ, ಮದುವೆಯಾಗಿ ಈ ಮಗ್ಗದ ಮನೆಗೆ ಬಂದವಳು. ಬಂದ ಮನೆಯ ಅಂಗಳದಲ್ಲಿಯೇ ಎರಡು ಕಂಬ ನೆಟ್ಟು ಓಣಿಯ ಹುಡುಗಿಯರಿಗೆ ಆಟ ಕಲಿಸಿದೆ. ಅವರೆಲ್ಲ ಆಡಿದರು, ಗೆದ್ದರು, ಮರಳಿ ಮಗ್ಗಕ್ಕೆ ಕೂತರು. ಆಟವನ್ನೇ ಹಿಡಿದು ಊರು ಬಿಟ್ಟವಳು ನೀನೊಬ್ಬಳು. ನನ್ನ ಮಗ ಬಸುವಿನ ಮಗಳು ಎರಡನೆಯವಳಾಗಬೇಕು. ಅವಳು ಚೀಲ ಹೊತ್ತುಕೊಂಡು ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವುದನ್ನು ನಾನು ನೋಡಬಾರದು.

ಅವಳನ್ನು ಹೊಗಳಬೇಡ, ಕೆಡುತ್ತಾಳೆ. ಅನ್ನ ಕಡಿಮೆ ಮಾಡಿ ರೊಟ್ಟಿ ಹಾಕಿಸು. ಆಟದಲ್ಲಿ ಅವಳಿಗೆ ಕಲಿಸುವುದು ಹೆಚ್ಚೇನೂ ಉಳಿದಿಲ್ಲ. ಇದ್ದದ್ದನ್ನು ಕೆಡಿಸದಿದ್ದರೆ ಸಾಕು.

ಶಿವಲಿಂಗವ್ವ


ಬಾಗಲಕೋಟೆ
9 ಜುಲೈ 2024

ಅವ್ವಾರಿಗೆ ರೋಹಿಣಿಯ ಶರಣು.

ನಿಮ್ಮ ಪತ್ರ ಓದುವಾಗ ಎದ್ದು ನಿಂತೇ ಓದಿದೆ. ಅಭ್ಯಾಸ ಬಿಟ್ಟಿಲ್ಲ.

ಸುಮಾ ಆರೋಗ್ಯವಾಗಿದ್ದಾಳೆ. ಓಟದಲ್ಲಿ ಅವಳಿಗೆ ಸರಿಸಾಟಿಯಾದವರು ಇಲ್ಲಿ ಯಾರೂ ಇಲ್ಲ. ಕಂಬ ಹಿಡಿದು ಮೈಯನ್ನು ಆಚೆ ಎಸೆಯುವ ರೀತಿಯಲ್ಲಿ ನೀವೇ ಕಾಣುತ್ತೀರಿ. ಅವಳನ್ನು ಹೊಗಳಿಲ್ಲ, ನಿಮಗಷ್ಟೇ ಹೇಳುತ್ತಿದ್ದೇನೆ.

ಆದರೆ ಇನ್ನೂ ಯಾರೊಂದಿಗೂ ಬೆರೆತಿಲ್ಲ. ಆಡುವಾಗ ಸಾಲಿನಲ್ಲಿ ಕೂತ ಎಂಟು ಜನ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಆಡುತ್ತಾಳೆ. ನಮ್ಮ ತಂಡದ ನಾಯಕಿ ನರ್ಗೀಸ್, ಹುನಗುಂದದವಳು. ಎಲ್ಲರನ್ನೂ ನಗಿಸುವ ಹುಡುಗಿ. ಸುಮಾಳ ಮಂಚ ಅವಳ ಪಕ್ಕದಲ್ಲೇ ಹಾಕಿಸಿದ್ದೇನೆ. ತರಬೇತಿಗೆ ಇಳಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಒಬ್ಬಳಿಗೆ ಓಡುವುದನ್ನು ಕಲಿಸಬಹುದು. ಇನ್ನೊಬ್ಬಳು ತನಗಾಗಿ ಕಾಯುತ್ತಾ ಕೂತಿದ್ದಾಳೆ ಎಂಬುದನ್ನು ತಿಳಿಸಿಕೊಡುವುದೇ ಕಷ್ಟ.

ಹೊಸ ಜಾಗ, ದಿನ ಕಳೆದಂತೆ ಸರಿಹೋಗುತ್ತಾಳೆ.

ನಿಮ್ಮ
ರೋಹಿಣಿ


ಇಳಕಲ್
16 ಜುಲೈ 2024

ರೋಹಿಣಿಗೆ,

ಕಂಡಕ್ಟರ್ ನಾಸೀರನ ಕೈಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದೇನೆ. ಎಲ್ಲರಿಗೂ ಆಗುವಷ್ಟಿದೆ, ನಿನ್ನ ಆ ನಗಿಸುವ ನಾಯಕಿಗೂ ಕೊಡು.

ಬೆರೆಯುವುದಿಲ್ಲ ಎಂದು ಬರೆದಿದ್ದೀ. ಅವಳನ್ನು ಹರಟೆ ಹೊಡೆಯಲು ಕಳಿಸಿದ್ದೇನೆಯೇ? ನನ್ನ ಅಂಗಳದಲ್ಲಿ ಆಡುವಾಗ ಮಾತಿಲ್ಲ, ಅದು ನಿನಗೂ ಗೊತ್ತು. ಹುಡುಗಿಯರನ್ನು ನಗಿಸಿ ತಂಡ ಕಟ್ಟುವುದು ನನಗೆ ತಿಳಿಯದ ವಿದ್ಯೆ. ನಾನು ಕಂಡದ್ದು, ಒಬ್ಬಳು ಚೆನ್ನಾಗಿ ಆಡಿದರೆ ಉಳಿದವರು ನಾಚಿಕೆಗಾದರೂ ಚೆನ್ನಾಗಿ ಆಡುತ್ತಾರೆ.

ಇನ್ನೊಂದು. "ಸರಿಹೋಗುತ್ತಾಳೆ" ಎನ್ನುವುದರ ಕೆಳಗೆ ಒಂದು ಸಾಲು ಬರೆದು ಹೊಡೆದುಹಾಕಿದ್ದೀ. ಬೆಳಕಿಗೆ ಹಿಡಿದು ನೋಡಿದೆ. "ಫೌಲ್" ಎಂಬುದಷ್ಟೇ ಕಂಡಿತು. ಯಾರ ಫೌಲು? ಬರೆಯುವುದಿದ್ದರೆ ಪೂರ್ತಿ ಬರೆ. ಇಲ್ಲವಾದರೆ ಬೇರೆ ಹಾಳೆ ತೆಗೆದುಕೊ. ಸರಕಾರ ನಿನಗೆ ಸಂಬಳ ಕೊಡುತ್ತದೆ.

ಶಿವಲಿಂಗವ್ವ


ಬಾಗಲಕೋಟೆ
20 ಆಗಸ್ಟ್ 2024

ಅವ್ವಾರಿಗೆ ಶರಣು.

ಬರೆಯಬೇಕೋ ಬೇಡವೋ ಎಂದು ತಿಂಗಳು ಕಳೆದೆ. ನೀವು ಪೂರ್ತಿ ಬರೆ ಎಂದಿರಿ, ಬರೆಯುತ್ತೇನೆ.

ಸುಮಾ ಖೋ ಕೊಡುವಾಗ ಕೂಗುವುದಿಲ್ಲ. ಬೆನ್ನು ಮುಟ್ಟುವುದರ ಜೊತೆಗೆ ಕೂಗಲೂಬೇಕು ಎಂಬ ನಿಯಮವನ್ನು ನಿಮಗೆ ನಾನು ಹೇಳಬೇಕಿಲ್ಲ. ಬಂದ ದಿನದಿಂದ ಪಂದ್ಯಕ್ಕೆ ಪಂದ್ಯ ಫೌಲ್. ಕೂತವಳು ಕೂಗಿಗಾಗಿ ಕಾಯುತ್ತಾಳೆ, ಇವಳು ಮುಟ್ಟಿ ಸುಮ್ಮನೆ ನಿಲ್ಲುತ್ತಾಳೆ, ಅಷ್ಟರಲ್ಲಿ ಓಡುವವಳು ಆಚೆ ಕಂಬ ಸೇರಿರುತ್ತಾಳೆ. ಹುನಗುಂದದಲ್ಲಿ ನಾನು ಅವಳನ್ನು ನೋಡಿದ ದಿನ ಮೈದಾನದ ತುಂಬ ಮೈಕಿನ ಗದ್ದಲವಿತ್ತು, ನನಗೆ ಇದು ಗೊತ್ತಾಗಲಿಲ್ಲ.

ಹೋದ ವಾರ ನರ್ಗೀಸ್ ಆಟದ ನಡುವೆಯೇ ಎದ್ದುಬಂದಳು.

"ಮ್ಯಾಡಮ್, ಆಕಿ ನನಗ ಖೋ ಕೊಡಂಗಿಲ್ರಿ. ದನಕ್ಕ ಬಡದಂಗ ಬೆನ್ನಿಗೆ ಬಡದು ನಿಂದರ್ತಾಳ್ರಿ."

"ಕೊಟ್ಟೇನಿ," ಎಂದಳು ಸುಮಾ. "ಆಕಿನ ಏಳಂಗಿಲ್ಲ. ಕೂತಲ್ಲೇ ನಿದ್ದಿ ಹೊಡೀತಾಳ."

"ಬಾಯಿ ಬಿಟ್ಟರ ಏಳ್ತೇನಲ್ಲ! ರಾಣಿಯರು ಬಾಯಿ ಬಿಡಂಗಿಲ್ಲೇನ?"

"ಅಂದೇನಿ. ನಿನ್ನ ಕಿವ್ಯಾಗ ಹತ್ತಿ ಅರಳಿ ಐತೇನ?"

ಅವ್ವಾರೇ, ನಾನು ಅಲ್ಲೇ ಹತ್ತಿರದಲ್ಲಿ ನಿಂತಿದ್ದೆ. ಅವಳು ಅನ್ನಲಿಲ್ಲ. ನನ್ನ ಎದುರಿಗೆ, ನನ್ನ ಕಣ್ಣಲ್ಲಿ ಕಣ್ಣಿಟ್ಟು "ಅಂದೇನ್ರಿ ಮ್ಯಾಡಮ್" ಎಂದಳು. ಬೇರೆಯಾಗಿ ನಿಲ್ಲಿಸಿ ಕೂಗಿಸಿದರೆ ಸಣ್ಣಗೆ ಕೂಗುತ್ತಾಳೆ. ಆಟಕ್ಕಿಳಿದರೆ ಮತ್ತೆ ಇಲ್ಲ. ಇದು ಬಾರದ್ದಲ್ಲ, ಮಾಡಬಾರದೆಂಬ ಹಟ. ಉಳಿದವರನ್ನು ಕರೆಯುವುದು ತನ್ನ ಯೋಗ್ಯತೆಗೆ ಕಡಿಮೆ ಎಂದು ಅವಳಿಗೆ ಅನ್ನಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ಸುಳ್ಳು ಹೇಳಿದ್ದಕ್ಕೆ ನನಗೆ ನೋವಾಯಿತು. ಈ ತಿಂಗಳು ಅವಳನ್ನು ಸಾಲಿನ ಹೊರಗೆ ಕೂರಿಸಿದ್ದೇನೆ.

ಹೀಗೇ ಇದ್ದರೆ ನವೆಂಬರಿನಲ್ಲಿ ಅವಳ ಹೆಸರು ಬರೆಯಲು ನನ್ನ ಕೈ ಬರುವುದಿಲ್ಲ. ನೀವು ಒಂದು ಮಾತು ಹೇಳಿದರೆ ಕೇಳುತ್ತಾಳೆ.

ರೋಹಿಣಿ


ಇಳಕಲ್
24 ಆಗಸ್ಟ್ 2024

ರೋಹಿಣಿ,

ನಮ್ಮ ಮನೆಯಲ್ಲಿ ಸುಳ್ಳು ಹೇಳುವವರಿಲ್ಲ. ಆದರೂ ಸುಳ್ಳಿ ಎಂಬ ಮಾತನ್ನು ನೀನು ಬರೆದುಕೊಟ್ಟಿದ್ದೀ, ನಾನು ಇಟ್ಟುಕೊಂಡಿದ್ದೇನೆ.

ಖೋ ಕೂಗದ ಹುಡುಗಿ ನನ್ನ ಅಂಗಳದಲ್ಲಿ ಒಬ್ಬಳೂ ಇಲ್ಲ. ದಿನಾ ಸಂಜೆ ಕಂಬದ ಹತ್ತಿರ ನಿಂತು ನಾನು ಕಣ್ಣಾರೆ ನೋಡುತ್ತೇನೆ. ನಿರ್ಣಾಯಕನಾಗಿ ಯಮನಪ್ಪ ಇದ್ದಾನೆ. ಶಾಲೆಯಲ್ಲಿ ಆಟ ಹೇಳಿಕೊಟ್ಟು ನಿವೃತ್ತನಾದವನು, ಬಂಧುಬಳಗ ಎಂದು ಬಿಡುವವನಲ್ಲ. ಅವನು ಸುಮಾಳ ಮೇಲೆ ಕೂಗಿಲ್ಲವೆಂದು ಒಂದು ಫೌಲೂ ಕೊಟ್ಟಿಲ್ಲ. ಸಣ್ಣಂದಿನಿಂದ ಅವಳು ಮುಟ್ಟಿದರೆ ಕೂತವಳು ಚಿಮ್ಮಿ ಏಳುತ್ತಿದ್ದಳು. ಕೂಗದಿದ್ದರೆ ಏಳುತ್ತಿದ್ದಳೇ?

ನನಗೆ ಅರ್ಥವಾಗಿದೆ. ರಾಯಚೂರಿನ ಪಂದ್ಯದಲ್ಲಿ ನಿನ್ನನ್ನು ಹೊರಗೆ ಕೂರಿಸಿದ್ದೆ. ಆಟ ಮುಗಿಯುವತನಕ ನೀನು ಮುಖ ಆಚೆ ತಿರುಗಿಸಿಕೊಂಡು ಕೂತಿದ್ದೆ. ಕೂರಿಸಿದ್ದು ಸರಿಯಾಗಿತ್ತು, ಇಂದಿಗೂ ಕೂರಿಸುತ್ತೇನೆ. ಅದನ್ನು ನನ್ನ ಮೊಮ್ಮಗಳ ಮೇಲೆ ತೀರಿಸಿಕೊಳ್ಳುವಷ್ಟು ಸಣ್ಣವಳಾಗುತ್ತೀ ಎಂದು ಎಣಿಸಿರಲಿಲ್ಲ.

ಶ್ರಾವಣ ಮುಗಿಯುವತನಕ ನಾನು ಶಿವಯೋಗ ಮಂದಿರದಲ್ಲಿ ಪ್ರವಚನಕ್ಕೆ ಇರುತ್ತೇನೆ. ಉತ್ತರ ಬೇಕಾಗಿಲ್ಲ. ದಸರೆಗೆ ಬಸು ಬಂದು ಅವಳನ್ನು ಕರೆದುಕೊಂಡು ಬರುತ್ತಾನೆ. ನೀನು ಹೆಸರು ಹೊಡೆದುಹಾಕುವ ಮೊದಲು ನಾನೇ ಹೊಡೆದುಹಾಕುತ್ತೇನೆ.

ಶಿವಲಿಂಗವ್ವ


ಬಾಗಲಕೋಟೆ
8 ಸೆಪ್ಟೆಂಬರ್ 2024

ಅವ್ವಾರಿಗೆ ಶರಣು.

ಉತ್ತರ ಬೇಡ ಎಂದಿದ್ದೀರಿ. ಆದರೂ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಹರಿದು ಹಾಕಬೇಡಿ, ಪೂರ್ತಿ ಓದಿ.

ಹೋದ ರವಿವಾರ ಇಳಕಲ್ಲಿಗೆ ಬಂದಿದ್ದೆ. ನೀವು ಊರಲ್ಲಿಲ್ಲ ಎಂದು ಗೊತ್ತಿದ್ದೇ ಬಂದೆ. ಎದುರಿಗೆ ನಿಂತು ಜಗಳಾಡುವ ಧೈರ್ಯ ನನಗಿಲ್ಲ. ಬಸು ಅಣ್ಣನ ಹತ್ತಿರವಾದರೂ ಮಾತಾಡಿ, ಸುಮಾಳನ್ನು ಕರೆದೊಯ್ಯುವುದು ಬೇಡ ಎಂದು ಹೇಳಿ ಹೋಗೋಣ ಎಂದುಕೊಂಡೆ.

ಓಣಿಯ ಬಾಯಿಗೆ ಬಂದಾಗಲೇ ಕಿವಿ ತುಂಬಿತು. ನಾನು ಆಡುತ್ತಿದ್ದ ಕಾಲಕ್ಕೆ ಅಲ್ಲಿ ಎಲ್ಲರ ಮನೆಯಲ್ಲೂ ಕೈಮಗ್ಗ. ಟಕ್ ಟಕ್ ಎಂದು ಬಿಟ್ಟು ಬಿಟ್ಟು ಬರುತ್ತಿದ್ದ ಸಪ್ಪಳದ ನಡುವೆ ನಾವು ಕೂಗಿದರೆ ಪೇಟೆಯತನಕ ಕೇಳುತ್ತಿತ್ತು. ಈಗ ನಿಮ್ಮ ಮನೆಯಲ್ಲಿ ವಿದ್ಯುತ್ ಮಗ್ಗ, ಆಚೆ ಮನೆಯಲ್ಲಿ, ಈಚೆ ಮನೆಯಲ್ಲಿ ವಿದ್ಯುತ್ ಮಗ್ಗ. ಬಸು ಅಣ್ಣ ಬಾಗಿಲಲ್ಲಿ ನಿಂತು ಏನೋ ಅಂದ. ನನಗೆ ಏನೂ ಕೇಳಲಿಲ್ಲ. ಅಂಗಳದ ಆ ತುದಿಯಲ್ಲಿದ್ದ ಹುಡುಗಿಗೆ ತಿಳಿಯಿತು, ಒಳಗೆ ಹೋಗಿ ನನಗೆ ಚಹಾ ತಂದಳು.

ಹುಡುಗಿಯರು ಆಡುತ್ತಿದ್ದರು. ಯಮನಪ್ಪ ಸರ್ ಕಲ್ಲಿನ ಮೇಲೆ ಕೂತಿದ್ದರು. ನಾನು ಅವರ ಕಿವಿಯಲ್ಲಿ ಬಾಯಿಟ್ಟು ಕೇಳಿದೆ:

"ಸರ್, ಇಲ್ಲಿ ಖೋ ಅಂದದ್ದು ಹೆಂಗ ಕೇಳಸ್ತೈತ್ರಿ ನಿಮಗ?"

"ಕೇಳೂದೇನೈತಬೇ ರೋಹಿಣಿ, ಬಾಯಿ ಕಾಣತೈತಲ್ಲ!"

ಅಷ್ಟರಲ್ಲಿ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಅವ್ವಾರೇ, ಆಟ ನಿಲ್ಲಲಿಲ್ಲ. ಕಾಲಿನ ಸಪ್ಪಳ, ಉಸಿರಿನ ಸಪ್ಪಳ, ಬೆನ್ನಿಗೆ ಅಂಗೈ ಬಿದ್ದ ಸಪ್ಪಳ. ಅಷ್ಟೇ. ಪ್ರತಿಯೊಬ್ಬಳ ತುಟಿಯೂ ಖೋ ಎಂದು ತೆರೆಯುತ್ತಿತ್ತು. ಒಬ್ಬಳಿಂದಲೂ ಧ್ವನಿ ಬರುತ್ತಿರಲಿಲ್ಲ. ಅಂಗೈ ತಾಗಿದ್ದೇ ತಡ, ಕೂತವಳು ಏಳುತ್ತಿದ್ದಳು. ಮಗ್ಗ ನಿಂತದ್ದು ಅವರಿಗೆ ಗೊತ್ತೇ ಆಗಲಿಲ್ಲ. ಯಮನಪ್ಪ ಸರ್ ಮಾತ್ರ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು.

ಸುಮಾ ಸುಳ್ಳು ಹೇಳಿಲ್ಲ. ತಾನು ಕೂಗಿದೆ ಎಂದೇ ಅವಳಿಗೆ ಗೊತ್ತು. ಅವಳ ಆಟವೆಲ್ಲ ಆ ಸಪ್ಪಳದಲ್ಲೇ ಬೆಳೆದದ್ದು. ಬಾಗಲಕೋಟೆಗೆ ಮರಳಿದ ಮರುದಿನವೇ ಅವಳ ಮುಂದೆ ನಿಂತು ಹೇಳಿದೆ, "ನಂದ ತಪ್ಪಾತವ್ವಾ." ಅವಳು ಅಳಲಿಲ್ಲ. "ಹಂಗಾರ ನಾ ಯಾವತ್ತೂ ಅಂದs ಇಲ್ಲೇನ್ರಿ?" ಎಂದು ಕೇಳಿದಳು.

ಆದರೆ ಕಾರಣ ಸಿಕ್ಕರೆ ಫೌಲ್ ತಪ್ಪುವುದಿಲ್ಲ. ಮೈಗೆ ಹತ್ತಿದ್ದು ನವೆಂಬರಿನೊಳಗೆ ಬದಲಾಗುತ್ತದೆಯೋ ಇಲ್ಲವೋ ನಾನರಿಯೆ. ಬದಲಾಗದಿದ್ದರೆ ಅವಳ ಹೆಸರು ಬರೆಯಲಾರೆ. ರಾಯಚೂರಿನದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂದು ನಾನು ಮುಖ ತಿರುಗಿಸಿದ್ದು ಅಳು ಬಂದಿತ್ತು ಎಂದು.

ಅವಳನ್ನು ದಸರೆಗೆ ಕರೆದೊಯ್ಯಬೇಡಿ.

ರೋಹಿಣಿ


ಇಳಕಲ್
19 ಅಕ್ಟೋಬರ್ 2024

ರೋಹಿಣಿಗೆ,

ನಿನ್ನ ಪತ್ರ ಆವಾಗಲೇ ತಲುಪಿತ್ತು. ಉತ್ತರ ಬರೆಯುವ ಮೊದಲು ನೋಡುವ ಕೆಲಸವಿತ್ತು.

ಶಿವಯೋಗ ಮಂದಿರದಿಂದ ಬಂದ ಮರುದಿನ ಯಮನಪ್ಪನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ. ಬಸುವನ್ನು ಕರೆದು, ಸಂಜೆ ಆಟ ಮುಗಿಯುವತನಕ ಮಗ್ಗ ಬಂದ್ ಇಡು ಎಂದೆ.

"ಅವ್ವಾ, ದೀಪಾವಳಿ ಮಾಲು ಕೊಡೂದೈತಿ. ಹುಡುಗ್ಯಾರ ಆಟಕ್ಕ ಮಗ್ಗ ನಿಲ್ಲಸ್ತಾರೇನು? ಮಂದಿ ನಗ್ತಾರ."

"ನಗವಲ್ಲರ್ಯಾಕ. ಈ ಮನಿಯಾಗ ಮೊದಲನೇ ಕರೆಂಟ್ ಮಗ್ಗ ಹಾಕ್ಸಿದಾಕಿ ನಾನು. ನಿಲ್ಲಸಾಕಿನೂ ನಾನs."

"ಆಜೂಬಾಜೂದವರು?"

"ಅವರ ಮಕ್ಕಳೂ ಇಲ್ಲೇ ಆಡ್ತಾವಿಲ್ಲೋ?"

ಅವರೂ ನಿಲ್ಲಿಸಿದರು. ಗೊಣಗಿಯೇ ನಿಲ್ಲಿಸಿದರು. ಯಮನಪ್ಪನನ್ನು ಆ ಕಡೆಯ ಕಂಬದ ಆಚೆ ಬೆನ್ನು ತಿರುಗಿಸಿ ಕೂರಿಸಿ, ಖೋ ಕೇಳಿದರೆ ಕೈ ಎತ್ತು ಎಂದೆ. ಹುಡುಗಿಯರು ಆಡಿದರು. ಅವನ ಕೈ ಮೇಲೇಳಲೇ ಇಲ್ಲ. ಕೂಗಿರೇ ಎಂದೆ. ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕರು.

"ಯಾಕ್ರೇ, ಬಾಯಾಗ ಹಿಟ್ಟು ತುಂಬ್ಕೊಂಡೀರೇನ?"

"ನಾಚಿಕಿ ಬರ್ತೈತ್ರಿ ಅವ್ವಾರ. ಇಷ್ಟು ಸುಮ್ಮನಿದ್ದಾಗ ಹೆಂಗ ಒದರೂದು? ನೀವs ಒಂದ್ಸಲ ತೋರಸ್ರಿ."

ತೋರಿಸಿದೆ. ಸೆರಗು ಸಿಗಿಸಿಕೊಂಡು ಓಡಿ, ಬೆನ್ನು ಮುಟ್ಟಿ ಕೂಗಿದೆ. ಯಮನಪ್ಪ ಕೈ ಎತ್ತಲಿಲ್ಲ. ಅವನ ಕಿವಿ ಹೋಗಿದೆ ಎಂದುಕೊಂಡೆ. ಇನ್ನೊಮ್ಮೆ ಓಡಿದೆ. ಈ ಸಲ ಹುಡುಗಿಯರು ನಗಲಿಲ್ಲ. ಅದರಿಂದ ನನಗೆ ತಿಳಿಯಿತು, ಧ್ವನಿ ನನ್ನ ಬಾಯಿಂದಲೂ ಹೊರಟಿರಲಿಲ್ಲ.

ಈಗ ಆಟದ ಮಾತು, ಗಮನವಿಟ್ಟು ಓದು. ನೀನು ಅವಳಿಗೆ ಮುಟ್ಟಿ ಕೂಗು ಎಂದು ಹೇಳುತ್ತಿರಬೇಕು. ಹಾಗೆ ಹೇಳಬೇಡ. ಅಂಗೈ ತಾಗಿದ ಕ್ಷಣಕ್ಕೆ ಅವಳ ಮೈ ಕೆಲಸ ಮುಗಿಯಿತೆಂದು ತಿಳಿಯುತ್ತದೆ, ಆಮೇಲೆ ಉಸಿರು ಹೊರಡುವುದಿಲ್ಲ. ಒಂದು ಹೆಜ್ಜೆ ಮೊದಲೇ ಉಸಿರು ಹೊರಡಿಸು. ಕೂಗನ್ನು ಬಾಯಲ್ಲಿ ಹಿಡಿದುಕೊಂಡೇ ಹೋಗಿ, ಕೈಯನ್ನೂ ಅದನ್ನೂ ಒಟ್ಟಿಗೆ ಇಳಿಸಲಿ. ಇಲ್ಲಿ ಹೀಗೆ ಮಾಡಿಸಿದೆ. ಯಮನಪ್ಪನ ಕೈ ಈಗ ಮೇಲೇಳುತ್ತದೆ, ಪ್ರತಿಸಲವಲ್ಲ.

ಆದರೆ ಅಂಗೈಯ ವಿದ್ಯೆಯನ್ನು ಬಿಡಿಸಬೇಡ. ಅದು ದೋಷವಲ್ಲ. ನಮ್ಮ ಹುಡುಗಿಯರು ಬಲಭುಜದ ಕಡೆ ಒತ್ತಿದರೆ ಓಡುವವಳು ಬಲಕ್ಕೆ ಹೋದಳು ಎಂದರ್ಥ, ಎಡಕ್ಕೆ ಒತ್ತಿದರೆ ಎಡಕ್ಕೆ. ಕೂತವಳು ಕಣ್ಣು ಬಿಟ್ಟು ಹುಡುಕಬೇಕಿಲ್ಲ, ಎದ್ದ ಹೆಜ್ಜೆಯೇ ಸರಿಯಾದ ಕಡೆಗೆ ಬೀಳುತ್ತದೆ. ಕೂಗಿನಲ್ಲಿ ಇದು ಬರುವುದಿಲ್ಲ. ನಿನ್ನ ನರ್ಗೀಸ್ ದನಕ್ಕೆ ಬಡಿದ ಹಾಗೆ ಎಂದಳಲ್ಲ, ಅವಳಿಗೆ ಆ ಬಡಿತವನ್ನು ಓದಲು ಕಲಿಸು. ನೀನು ಕಲಿಸಬೇಡ, ಸುಮಾಳಿಂದಲೇ ಕಲಿಸು. ಕೂಗುವುದನ್ನು ಆ ಹುಡುಗಿ ಇವಳಿಗೆ ಕಲಿಸಲಿ. ನನ್ನ ಕೈಯಲ್ಲಿ ಇಬ್ಬರನ್ನೂ ಕೊಟ್ಟಿದ್ದರೆ ನಾನು ಹೀಗೆ ಮಾಡುತ್ತಿದ್ದೆ.

ದಸರೆಗೆ ಬಸುವನ್ನು ನಾನು ಕಳಿಸಲಿಲ್ಲ, ನೀನು ನೋಡಿಯೇ ಇದ್ದೀ. ಹೆಸರು ಬರೆಯುವ ದಿನ ನನ್ನ ಮುಖ ನೋಡಬೇಡ. ಯಾರ ಮುಖವನ್ನೂ ನೋಡದೆ ತಂಡ ಆರಿಸುವುದನ್ನು ನೀನು ಕಲಿತದ್ದು ಈ ಅಂಗಳದಲ್ಲಿಯೇ.

ಶಿವಲಿಂಗವ್ವ


ಬಾದಾಮಿ
17 ನವೆಂಬರ್ 2024

ಅವ್ವಾರಿಗೆ ಶರಣು.

ಪಂದ್ಯ ಇಂದು ಮುಗಿಯಿತು. ಸೆಮಿಫೈನಲಿನಲ್ಲಿ ಧಾರವಾಡದವರ ಎದುರು ಒಂದೇ ಅಂಕದಿಂದ ಸೋತೆವು. ಹುಡುಗಿಯರು ಬಸ್ಸಿಗಾಗಿ ಕಾಯುತ್ತಿದ್ದಾರೆ, ನಾನು ಮೈದಾನದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಸುಮಾಳನ್ನು ಮೊದಲ ಒಂಬತ್ತರಲ್ಲಿ ಹಾಕಿರಲಿಲ್ಲ. ನೀವು ಹೇಳಿದಂತೆ ಇಬ್ಬರನ್ನೂ ಜೊತೆ ಬಿಟ್ಟ ಮೇಲೆ ದಾರಿಗೆ ಬಂದಿದ್ದಳು, ಆದರೆ ದಿನಾ ಒಂದೇ ರೀತಿ ಇರುತ್ತಿರಲಿಲ್ಲ. ಇಂದು ಕೊನೆಯ ಸರದಿಗೆ ನರ್ಗೀಸ್ ನನ್ನ ಹತ್ತಿರ ಬಂದು ನಿಂತಳು.

"ಮ್ಯಾಡಮ್, ಆಕಿನ್ನ ಇಳಸ್ರಿ."

"ಫೌಲ್ ಮಾಡಿದರ?"

"ಮಾಡವಲ್ಲಳ್ಯಾಕ್ರಿ. ಆಕಿ ಕೈ ಬಿದ್ದರ ನನಗ ದಿಕ್ಕು ತಿಳೀತೈತಿ. ಉಳದವರು ಬರೇ ಒದರ್ತಾರ."

ಇಳಿಸಿದೆ. ಮೊದಲನೆಯ ಖೋಗೇ ಧ್ವನಿ ಬರಲಿಲ್ಲ, ಫೌಲ್ ಆಯಿತು. ಕೈಗೆ ಬಂದಿದ್ದ ಹುಡುಗಿ ತಪ್ಪಿಸಿಕೊಂಡಳು. ಆ ಒಂದು ಅಂಕ ಅದೇ ಎಂದು ಹೇಳುವವರು ಹೇಳುತ್ತಿದ್ದಾರೆ. ಆಮೇಲೆ ಕೊನೆಯತನಕ ತಪ್ಪು ಮಾಡಲಿಲ್ಲ. ಅವಳು, ನರ್ಗೀಸ್ ಸೇರಿ ಮೂವರನ್ನು ಹಿಡಿದರು.

ಹಾಸ್ಟೆಲಿಗೆ ಹೆಸರು ಈ ತಿಂಗಳ ಕೊನೆಗೆ ಕೊಡಬೇಕು. ಸುಮಾಳ ಹೆಸರನ್ನು ಬರೆದಿದ್ದೇನೆ, ಇನ್ನೂ ಕೊಟ್ಟಿಲ್ಲ. ಬರೆದಾಗಿನಿಂದ ಒಂದೇ ಚಿಂತೆ. ನಿಮ್ಮ ಮುಖ ನೋಡಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಸುಳ್ಳಿ ಎಂದಿದ್ದೆನಲ್ಲ, ಆ ಋಣ ತೀರಿಸಲು ಬರೆದೆನೇ? ಬೆಂಚಿನ ಮೇಲೆ ಕೂತವಳಿಗೆ ಕೊನೆಯ ಸರದಿ ಪೂರ್ತಿ ಕಾಣುವುದೂ ಇಲ್ಲ, ನಾನು ಗಡಿಯಾರವನ್ನೇ ಹೆಚ್ಚು ನೋಡಿದೆ. ನೀವು ಆಟ ನೋಡಿದ್ದರೆ ಏನು ಮಾಡುತ್ತಿದ್ದಿರಿ?

ರೋಹಿಣಿ


ಇಳಕಲ್
20 ನವೆಂಬರ್ 2024

ರೋಹಿಣಿಗೆ,

ನಾನು ಆಟ ನೋಡಿದೆ.

ನಾಸೀರನ ಬಸ್ಸಿಗೆ ಬಂದಿದ್ದೆ. ಶಾಮಿಯಾನದ ಆ ಕೊನೆಯಲ್ಲಿ, ಊರ ಹೆಣ್ಣುಮಕ್ಕಳ ನಡುವೆ ಸೆರಗು ಹೊದ್ದು ಕೂತಿದ್ದೆ. ನಿನಗೆ ಕಾಣಿಸಿಕೊಂಡಿದ್ದರೆ ನೀನು ನನ್ನ ಕಣ್ಣು ನೋಡಿ ಆಟ ಆಡಿಸುತ್ತಿದ್ದೆ. ಸುಮಾ ಕಂಡಿದ್ದರೆ ನನಗಾಗಿ ಆಡುತ್ತಿದ್ದಳು.

ಫೌಲ್ ನೋಡಿದೆ. ನನ್ನ ಪಕ್ಕದವಳು "ಯಾರಬೇ ಆಕಿ, ಮೂಗಿ ಇದ್ದಾಳೇನ?" ಎಂದಳು. ನಾನು ಸೆರಗು ಇನ್ನಷ್ಟು ಮುಂದೆ ಎಳೆದುಕೊಂಡೆ. ಅಲ್ಲಿಗೆ ಸುಮಾ ಕುಸಿಯುತ್ತಾಳೆ ಎಂದುಕೊಂಡೆ. ನಾನು ಬೆಳೆಸಿದ ಹುಡುಗಿಯರು ಒಮ್ಮೆ ತಪ್ಪಿದರೆ ಆಮೇಲೆ ಖೋ ಕೊಡುವುದನ್ನೇ ಬಿಟ್ಟು, ಒಬ್ಬರೇ ಹಿಡಿದು ತೋರಿಸಲು ಓಡುತ್ತಾರೆ.

ಕೊನೆಗೆ ಹಿಡಿದವಳ ಮಾತು ಹೇಳುತ್ತೇನೆ, ನೀನು ಗಡಿಯಾರ ನೋಡುತ್ತಿದ್ದೆ. ಆ ಉದ್ದನೆಯ ಜಡೆಯ ಹುಡುಗಿ ಸುಮಾಳಿಗೆ ಒಂದು ಮೊಳದ ದೂರದಲ್ಲಿದ್ದಳು. ಮುಂದಕ್ಕೆ ಬಿದ್ದಿದ್ದರೆ ಸಿಗುತ್ತಿದ್ದಳೋ ಏನೋ. ಜೂನಿನಲ್ಲಿ ನಾನು ಕಳಿಸಿದ ಹುಡುಗಿ ಬೀಳುತ್ತಿದ್ದಳು. ಇವಳು ಬೀಳಲಿಲ್ಲ. ಆ ಹುಡುಗಿ ಸಾಲು ದಾಟಲು ಭುಜ ತಿರುಗಿಸಿದ್ದನ್ನು ನೋಡಿದಳು, ಒಂದು ಹೆಜ್ಜೆ ಬಿಟ್ಟುಕೊಟ್ಟಳು, ನರ್ಗೀಸಳ ಎಡಭುಜಕ್ಕೆ ಕೈ ಹಾಕಿ ಕೂಗಿದಳು. ಅಷ್ಟು ದೂರ ಕೂತ ನನಗೆ ಕೇಳಿಸಿತು. ಯಾರ ಧ್ವನಿ ಇದು ಎಂದು ಪಕ್ಕದವಳನ್ನು ಕೇಳಲು ತಿರುಗಿದೆ. ನನ್ನ ಮನೆಯಲ್ಲಿ ಹುಟ್ಟಿ ಬೆಳೆದವಳ ಕೂಗು ನನಗೆ ಗುರುತು ಸಿಗಲಿಲ್ಲ. ಅಷ್ಟರಲ್ಲಿ ನರ್ಗೀಸ್ ಹಿಡಿದಾಗಿತ್ತು.

ಹೆಸರು ಹೊಡೆದುಹಾಕಬೇಡ. ಇದು ನನ್ನ ಮೊಮ್ಮಗಳು ಎಂದು ಹೇಳುವ ಮಾತಲ್ಲ. ಸೋತ ಪಂದ್ಯದಲ್ಲಿ, ತಾನು ಮಾಡಿದ ತಪ್ಪಿನ ಮೇಲೆ ಕೂಡ, ತನ್ನ ಕೈಯಲ್ಲಿದ್ದುದನ್ನು ಇನ್ನೊಬ್ಬಳಿಗೆ ಕೊಟ್ಟವಳನ್ನು ಯಾರ ಮಗಳಾದರೂ ಉಳಿಸಿಕೊಳ್ಳಬೇಕು. ನನ್ನ ಅಂಗಳದಲ್ಲಿ ಇಂಥವರು ಕಡಿಮೆ. ಬೇಸಿಗೆ ರಜೆಯಲ್ಲಿ ನೀನು ಬಂದು ಇಲ್ಲಿಯ ಹುಡುಗಿಯರಿಗೆ ಕಲಿಸು. ನಾನು ಕಲ್ಲಿನ ಮೇಲೆ ಕೂತು ನೋಡುತ್ತೇನೆ, ನಡುವೆ ಮಾತಾಡುವುದಿಲ್ಲ. ಆಡಿದರೆ ಸುಮ್ಮನಿರಿ ಎಂದು ಹೇಳು.

ಪಂದ್ಯ ಮುಗಿದ ಮೇಲೆ ಅವಳನ್ನು ಒಮ್ಮೆ ನೋಡಿ ಹೋಗೋಣ ಎಂದು ನೀರಿನ ಟ್ಯಾಂಕಿನ ಕಡೆ ಬಂದೆ. ಇಬ್ಬರೂ ಟ್ಯಾಂಕಿನ ಆಚೆ ಮಣ್ಣಿನಲ್ಲಿ ಕಾಲು ಚಾಚಿ ಕೂತಿದ್ದರು. ಸುಮಾ ಅಳುತ್ತಿದ್ದಳು.

"ನನ್ನಿಂದs ಸೋತ್ವಿ."

"ಹೂಂ, ನಿನ್ನಿಂದs," ಎಂದಳು ಆ ನರ್ಗೀಸ್. "ಮೊದಲನೇದಕ್ಕ ಮೂಗಿ ಆದಿ, ಕಡೀದಕ್ಕ ನನ್ನ ಕಿವಿ ಹರದಿ. ನಡುವಿಂದು ಒಂದು ಇರ್ತೈತಿ, ಗೊತ್ತೈತಿಲ್ಲೋ?"

"ಕೇಳಸ್ತಿಲ್ಲೋ ಮತ್ತ?"

"ಬಾದಾಮಿ ಗುಡ್ಡಕ್ಕ ಕೇಳಸ್ತು. ಮಂಗ್ಯಾಗೋಳು ಎದ್ದು ಓಡಿದ್ವು."

ಸುಮಾ ಅಳುತ್ತಲೇ ನಕ್ಕಳು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಹೆಸರು ಹಿಡಿದು ಕರೆದಿದ್ದರೆ "ಆಯಿ" ಎಂದು ಎದ್ದು ಓಡಿ ಬರುತ್ತಿದ್ದಳು, ಆ ಹುಡುಗಿ ಅಲ್ಲಿ ಒಬ್ಬಳೇ ಉಳಿಯುತ್ತಿದ್ದಳು.

ನಾನು ಕರೆಯಲಿಲ್ಲ.

ಶಿವಲಿಂಗವ್ವ